ಸಭೆಗೆ ಸುಲಿದ ಕಾಯಿ

ಎಂಟು ನಿಮಿಷ ಎಷ್ಟು ಚಿಕ್ಕದು ಅನ್ನುವುದು ನನಗೆ ಗೊತ್ತಾಗಿದ್ದು ತುಮಕೂರಿನಲ್ಲಿ. ಅಲ್ಲಿ ನಡೆದ ಒಂದು ಕೃಷಿ ತಂತ್ರಜ್ಞಾನ ಸಮಾವೇಶದಲ್ಲಿ ನಾವು ಮಾಡಿದ ಯಂತ್ರದ ಬಗ್ಗೆ ಮಾತಾಡಲು ನನಗೆ ಅಷ್ಟು ಹೊತ್ತು ಕೊಟ್ಟಿದ್ದರು. ನಾನು ತೆಂಗಿನ ಮರ ಪ್ರಪಂಚದ ಯಾವ ಯಾವ ದೇಶದಲ್ಲಿ ಬೆಳೆಯುತ್ತದೆ ಎಂಬಲ್ಲಿಂದ ಶುರು ಮಾಡಿದೆ. ಮರ ಸಮುದ್ರ ದಾಟಿ ಕರ್ನಾಟಕಕ್ಕೆ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಕಳೆದಿತ್ತು. ತಿಪಟೂರು ತಲುಪುವಷ್ಟರಲ್ಲಿ ಗಂಟೆ ಬಾರಿಸಿಬಿಟ್ಟರು. ಯಂತ್ರ ಮೇಜಿನ ಮೇಲೆ ಬಟ್ಟೆ ಹೊದ್ದುಕೊಂಡು ಕೂತೇ ಇತ್ತು. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು, "ಮೇಡಂ, ನೀವು ಬಗೆಹರಿಸೋಕೆ ಹೊರಟಿರೋ ಸಮಸ್ಯೆ ಯಾವುದು?" ಎಂದು ಕೇಳಿದರು. ಅದು ಇಪ್ಪತ್ತೆರಡನೇ ಸ್ಲೈಡಿನಲ್ಲಿತ್ತು. ಹಾಗಂತಲೇ ಹೇಳಿದೆ. ಸಭೆ ನಕ್ಕಿತು.

ಆ ಸ್ಲೈಡಿನಲ್ಲಿ ಇದ್ದದ್ದು ಇಷ್ಟೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬಲಿತ ಕಾಯನ್ನು ಮೇಲಿನ ನಾರಿನ ಮಟ್ಟೆ ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತೇವೆ. ಹೆಚ್ಚುಕಮ್ಮಿ ಒಂದು ವರ್ಷ ಅಲ್ಲಿ ಕೂತು, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ನೀರಿನ ಸದ್ದು, ಕೊನೆಕೊನೆಗೆ ಉಂಡೆ ಉರುಳುವ ಗಟಗಟ ಸದ್ದು. ಇವೆರಡರ ನಡುವೆ ಕಾಯಿ ಯಾವ ಸದ್ದೂ ಮಾಡದ ಒಂದು ಕಾಲ ಬರುತ್ತದೆ. ಆಗ ಒಳಗೆ ಕೊಬ್ಬರಿ ಆಗಿ ಇನ್ನೇನು ಬಿಡುವುದರಲ್ಲಿರಬಹುದು, ಇನ್ನೂ ಹಸಿಯಾಗಿ ಕರಟಕ್ಕೆ ಅಂಟಿಕೊಂಡಿರಬಹುದು, ಇಲ್ಲವೇ ಕೊಳೆಯುತ್ತಿರಬಹುದು. ಒಡೆದ ಮೇಲಷ್ಟೇ ಗೊತ್ತಾಗುವುದು, ಒಡೆದ ಮೇಲೆ ಮತ್ತೆ ಅಟ್ಟಕ್ಕೆ ಹಾಕಲು ಬರುವುದಿಲ್ಲ. ಬೆಲೆ ಏರಿದ ವಾರ ಅಟ್ಟದ ಕಾಯೆಲ್ಲ ಇಳಿಸುವ ಆತುರದಲ್ಲಿ ಇಂಥ ಕಾಯಿಗಳು ಎಷ್ಟು ಹಾಳಾಗುತ್ತವೆ ಅನ್ನುವುದನ್ನು ನಮ್ಮ ಕಡೆಯವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಅದಕ್ಕೆ ಮೂಗಕಾಯಿ ಅಂತ ಹೆಸರಿಟ್ಟಿದ್ದೆವು.

ನಾವು ಅಂದರೆ ನಾನು ಮತ್ತು ನನ್ನ ಜೊತೆಗಾರ. ಯಂತ್ರದ ಮೈ ನನ್ನದು, ಅದರ ತಲೆ ಅವನದು. ರಬ್ಬರಿನ ತೊಟ್ಟಿಲಿನಲ್ಲಿ ಕಾಯಿ ಇಟ್ಟರೆ ಒಂದು ಪುಟ್ಟ ಸುತ್ತಿಗೆ ಅದಕ್ಕೆ ಮೂರು ಸಲ ಕುಟ್ಟುತ್ತದೆ. ಕೆಳಗಿರುವ ಮೈಕು ಆ ಸದ್ದನ್ನು ಹಿಡಿದು ಒಂದು ಸಣ್ಣ ಕಂಪ್ಯೂಟರಿಗೆ ಕಳಿಸುತ್ತದೆ. ಅದು ಹಿಂದೆ ಕೇಳಿಸಿಕೊಂಡ ಕಾಯಿಗಳ ಸದ್ದಿನ ಜೊತೆ ಹೋಲಿಸಿ, ಕೊಬ್ಬರಿ ಆಗಿದ್ದರೆ ಹಸಿರು ದೀಪ, ಇನ್ನೂ ಹಸಿಯಿದ್ದರೆ ಹಳದಿ, ಕೊಳೆತಿದ್ದರೆ ಕೆಂಪು ದೀಪ ಹತ್ತಿಸುತ್ತದೆ. ಈ ಸದ್ದುಗಳಿಗಾಗಿ ಬಿಳಿಗೆರೆ, ಕೆಂಕೆರೆ, ದಬ್ಬೇಘಟ್ಟದ ಅಟ್ಟಗಳನ್ನು ಹತ್ತಿ ಇಳಿದು ನನ್ನ ಮಂಡಿ ಸವೆದಿತ್ತು.

ಹೇಳಬೇಕಾದ ಮುಖ್ಯ ವಿಷಯ ನಮ್ಮ ಜಾಗದ್ದು. ಬೆಳೆಗಾರರ ಸಂಘವೊಂದು ತನ್ನ ಕೊಬ್ಬರಿ ಗೋದಾಮಿನ ಒಂದು ಮೂಲೆ ಕೋಣೆಯನ್ನು ಒಂದು ವರ್ಷಕ್ಕೆಂದು ನಮಗೆ ಬಿಟ್ಟುಕೊಟ್ಟಿತ್ತು. ಅದರ ಗೋಡೆಗೆಲ್ಲ ಗೋಣಿಚೀಲ ಹೊಡೆದು ಸದ್ದು ಒಳಗೆ ಬರದ ಹಾಗೆ ಮಾಡಿಕೊಂಡಿದ್ದೆವು. ವರ್ಷ ಮುಗಿಯಿತು. ಸಂಘದ ಅಧ್ಯಕ್ಷರು ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದರು: "ತಿಪಟೂರಲ್ಲೇ ಸಮಾವೇಶ ನಡೀತದಂತಲ್ಲ, ಅವ್ರು ನಿಮ್ನ ಆರಿಸ್ಕೊಂಡು ದುಡ್ಡು ಕೊಟ್ಟು ಕೈ ಹಿಡಿದ್ರೆ ಸರಿ. ಇಲ್ದಿದ್ರೆ ಸೋಮವಾರ ಬೀಗದ ಕೈ ಕೊಟ್ಬುಡಿ ಕಣಮ್ಮ. ಚೀಲ ಇಡಕ್ಕೆ ಜಾಗ ಇಲ್ಲ, ಮೆಂಬರ್‌ಗಳು ನನ್ ತಲೆ ತಿಂತಾವ್ರೆ." ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರು ಸಂಕೋಚದಿಂದ ಹೇಳಿದರು. ಆ ಕೋಣೆ ಹೋದರೆ ಯಂತ್ರವೂ ಹೋದ ಹಾಗೆಯೇ. ಅಟ್ಟದ ಲೆಕ್ಕ ವರ್ಷದ್ದು, ನಡುವೆ ನಿಂತರೆ ಮತ್ತೆ ಹೊಸ ಕಾಯಿಯಿಂದ ಶುರು ಮಾಡಬೇಕು. ಅಷ್ಟು ಶಕ್ತಿ ನಮ್ಮಿಬ್ಬರಲ್ಲೂ ಉಳಿದಿರಲಿಲ್ಲ.

ತುಮಕೂರಿನ ನಂತರ ಹಾಸನದಲ್ಲೂ ಒಂದು ಸಲ ಮುಗ್ಗರಿಸಿದ್ದೆವು. ಅಲ್ಲಿ ನಮ್ಮ ಕನ್ನಡ ಸ್ಲೈಡುಗಳು ಅವರ ಲ್ಯಾಪ್‌ಟಾಪಿನಲ್ಲಿ ಸಾಲು ಸಾಲು ಚೌಕಗಳಾಗಿ ಕಾಣಿಸಿಕೊಂಡವು. ಹೋಗಲಿ, ಯಂತ್ರವನ್ನಾದರೂ ತೋರಿಸೋಣ ಎಂದರೆ ಕರೆಂಟು ಹೋಗಿ ಜನರೇಟರ್ ಶುರುವಾಯಿತು. ಅದರ ಗುಂಯ್ ಸದ್ದು ನೆಲದಿಂದ ಮೇಜಿಗೆ, ಮೇಜಿನಿಂದ ಮೈಕಿಗೆ ಹತ್ತಿ ಎಲ್ಲ ಕಾಯಿಗೂ ಕೆಂಪು ದೀಪ. ವಾಪಸು ಬರುವ ಬಸ್ಸಿನಲ್ಲಿ ಜೊತೆಗಾರ ಕಿಟಕಿಗೆ ತಲೆ ಒರಗಿಸಿಕೊಂಡು, "ನಮ್ ಮಾತು ಕೇಳಿ ಕಾಯಿ ಕೊಳೆತಿರ್ಬೇಕು ಕಣಕ್ಕ" ಅಂದ. ನನಗೆ ನಗು ಬರಲಿಲ್ಲ.

ಹಾಗಾಗಿ ತಿಪಟೂರಿಗೆ ಹಟ ಹಿಡಿದು ತಯಾರಿ ಮಾಡಿದೆ. ಸ್ಲೈಡುಗಳನ್ನು ಕಿತ್ತು ಹಾಕುತ್ತಾ ಹೋದೆ. ಒಂದರಲ್ಲಿ ಒಂದೇ ಚಿತ್ರ, ಅಕ್ಷರ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅಕ್ಷರವೇ ಇಲ್ಲದಿದ್ದರೆ ಚೌಕವಾಗುವ ಭಯವೂ ಇಲ್ಲ. ಎಲ್ಲವನ್ನೂ ಫೋಟೋಗಳನ್ನಾಗಿ ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿದೆವು. ಯಂತ್ರವನ್ನು ಬ್ಯಾಟರಿಗೆ ಬದಲಾಯಿಸಿ, ಅದರ ಕಾಲಿನ ಕೆಳಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದೆವು. ಮೊದಲ ಒಂದು ನಿಮಿಷ ಮಾತ್ರ ಬಾಯಿಪಾಠ, ಮಿಕ್ಕಿದ್ದು ಚಿತ್ರ ನೋಡಿಕೊಂಡು ಹೇಳುವುದು ಎಂದು ಗೊತ್ತುಮಾಡಿಕೊಂಡೆ. ಮೊದಲ ನಿಮಿಷದಲ್ಲಿ ನಾಲಿಗೆ ಒಣಗುತ್ತದೆ, ಆಗ ತಲೆ ಕೈಕೊಡುತ್ತದೆ, ಬಾಯಿಪಾಠ ಇದ್ದರೆ ಬಾಯಿ ತನ್ನಷ್ಟಕ್ಕೆ ನಡೆಯುತ್ತದೆ.

ಅಭ್ಯಾಸ ಗೋದಾಮಿನ ಆ ಕೋಣೆಯಲ್ಲೇ. ಗೋಡೆಯ ಗೋಣಿಚೀಲಗಳ ಮುಂದೆ ನಿಂತು ನಾನು ಮಾತಾಡುವುದು, ಜೊತೆಗಾರ ಊಟದ ತಟ್ಟೆ, ಚಮಚ ಹಿಡಿದು ಕೂತು ಸಮಯ ಮುಗಿದ ಕೂಡಲೇ ಬಡಿಯುವುದು. ಅವನಿಗೆ ಅದರಲ್ಲಿ ಎಷ್ಟು ಖುಷಿ ಇತ್ತೆಂದರೆ ಕೆಲವು ಸಲ ಮೊದಲೇ ಬಡಿಯುತ್ತಿದ್ದ. ದಿನಕ್ಕೊಂದು ಸಲವಾದರೂ ಅಧ್ಯಕ್ಷರು ಗೋದಾಮಿನ ಚೀಲ ಎಣಿಸಲು ಬರುತ್ತಿದ್ದರು. ಬಂದವರು ನಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರನ್ನು ಕಂಡ ತಕ್ಷಣ ನಾನು ಮಾತು ನಿಲ್ಲಿಸಿ, ಅವರು ಹೋಗಲಿ ಎಂದು ಕಾಯುತ್ತಿದ್ದೆ. ಅರೆಬರೆ ಬೆಂದ ಮಾತನ್ನು ಅವರ ಮುಂದೆ ಆಡಲು ನಾಚಿಕೆ. "ನಡೀಲಿ, ನಡೀಲಿ" ಎಂದು ಅವರು ಕೈ ಆಡಿಸಿ ಹೊರಟು ಹೋಗುತ್ತಿದ್ದರು.

ಪ್ರಾತ್ಯಕ್ಷಿಕೆಗೆ ನಾವು ಹೂಡಿದ್ದ ಉಪಾಯ ಚೆನ್ನಾಗಿತ್ತು, ಈಗಲೂ ಹಾಗೇ ಅನ್ನುತ್ತೇನೆ. ಅಧ್ಯಕ್ಷರ ಅಟ್ಟದಿಂದಲೇ ಆರು ಮೂಗಕಾಯಿ ಆರಿಸಿ, ಮಟ್ಟೆಯ ಮೇಲೆ ಬಣ್ಣದಲ್ಲಿ ನಂಬರು ಬರೆದು, ಊರಿನ ಒಂದು ಎಕ್ಸ್‌ರೇ ಕೇಂದ್ರಕ್ಕೆ ಒಯ್ದೆವು. ಅಲ್ಲಿದ್ದವನು ನಮ್ಮನ್ನೂ ಚೀಲವನ್ನೂ ನೋಡಿ, "ಪೇಷೆಂಟ್ ಹೆಸರು ಏನಂತ ಬರ್ಕೊಳ್ಲಿ?" ಅಂದ. "ಕಾಯಪ್ಪ ಅಂತ ಬರ್ಕೊಳ್ಳಿ, ವಯಸ್ಸು ಹತ್ತು ತಿಂಗಳು" ಅಂದ ನಮ್ಮವನು. ಫಿಲ್ಮಿನಲ್ಲಿ ತಿರುಳು ಕರಟ ಬಿಟ್ಟಿದೆಯೋ ಇಲ್ಲವೋ ತಕ್ಕಮಟ್ಟಿಗೆ ಕಾಣುತ್ತಿತ್ತು. ಸಭೆಯಲ್ಲಿ ಮೊದಲು ಯಂತ್ರ ತನ್ನ ದೀಪ ಹತ್ತಿಸುತ್ತದೆ, ಆಮೇಲೆ ಅದೇ ನಂಬರಿನ ಎಕ್ಸ್‌ರೇ ಪರದೆ ಮೇಲೆ ಬರುತ್ತದೆ, ಕೊನೆಗೆ ಮಚ್ಚಿನಿಂದ ಒಡೆದು ತೋರಿಸುತ್ತೇವೆ. ಆರಕ್ಕೆ ಆರೂ ಸರಿ ಬರುವುದನ್ನು ಕೋಣೆಯಲ್ಲಿ ಕುಟ್ಟಿ ಕುಟ್ಟಿ ನೋಡಿಕೊಂಡಿದ್ದೆವು. ಹಿಂದಿನ ದಿನ ಅಧ್ಯಕ್ಷರು, "ಯಂತ್ರ ನೀವ್ ತನ್ನಿ, ಕಾಯಿ ಚೀಲ ನನ್ ಗಾಡೀಲಿ ತತ್ತೀನಿ" ಅಂದರು. ಒಂದು ಭಾರ ಇಳಿಯಿತು ಎಂದು ಚೀಲ ಅವರ ಕೈಗೆ ಕೊಟ್ಟೆ.

ಸಮಾವೇಶ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ವಧೂವರರ ಕುರ್ಚಿ ಇಡುವಲ್ಲಿ ಪರದೆ ಕಟ್ಟಿದ್ದರು. ಬೆಳಗ್ಗೆಯೇ ಹೋಗಿ ಪ್ರೊಜೆಕ್ಟರಿಗೆ ಪೆನ್‌ಡ್ರೈವ್ ಹಾಕಿ ಪ್ರತಿ ಚಿತ್ರ ನೋಡಿದೆವು, ಮೈಕು ಹಿಡಿದು ಕೊನೆ ಸಾಲಿನಲ್ಲಿ ಕೂತವರಿಗೆ ಕೇಳುತ್ತದೆಯೇ ಎಂದು ಕೇಳಿದೆವು. ಎಲ್ಲ ಸರಿಯಿತ್ತು. ಜೀವನದಲ್ಲಿ ಮೊದಲ ಸಲ ನನಗೆ ವೇದಿಕೆ ಕಂಡು ಭಯವಾಗಲಿಲ್ಲ.

ಅಧ್ಯಕ್ಷರು ಬಂದರು. ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಎರಡೂ ಕೈಯಲ್ಲಿ ಒಂದು ದೊಡ್ಡ ಹಿತ್ತಾಳೆ ಹರಿವಾಣ. ಅದರಲ್ಲಿ ಆರು ಕಾಯಿ. ಮಟ್ಟೆ ಸುಲಿದು, ನಾರು ಕೆರೆದು ನುಣ್ಣಗೆ ಮಾಡಿ, ಜುಟ್ಟು ಬಿಟ್ಟು, ಅರಿಶಿನ ಕುಂಕುಮ ಹಚ್ಚಿದ್ದ ಆರು ಕಾಯಿ.

"ಇವು ನಮ್ಮ ಕಾಯೇನಾ?" ಅಂದೆ.

"ಅವೇ ಕಣಮ್ಮ. ಸಭೆಗೆ ತರೋ ಕಾಯ್ನ ಮಟ್ಟೆ ಸಮೇತ ಹೊತ್ಕೊಂಡ್ ಬಂದ್ರೆ ನೋಡ್ದೋರು ಏನಂದಾರು? ಬೆಂಗಳೂರಿಂದ ದೊಡ್ಡೋರು ಬಂದವ್ರೆ, ನಮ್ ಸಂಘದ ಮರ್ವಾದೆ ಏನಾಗ್ಬೇಕು? ಬೆಳಗ್ಗೇನೆ ಆಳು ಕೂರ್ಸಿ ಸುಲಿಸ್ದೆ. ಜುಟ್ಟು ನೋಡಿ, ಹೆಂಗ್ ಬಿಟ್ಟವ್ನೆ."

"ಮಟ್ಟೆ?"

"ನೀರೊಲೆಗೆ ಹಾಕ್ದೋ."

ನಂಬರುಗಳು ನೀರೊಲೆಯಲ್ಲಿ ಉರಿದು ಹೋಗಿದ್ದವು. ಬೈಯೋಣ ಎಂದರೆ ಬೈಯಲು ಏನೂ ಇರಲಿಲ್ಲ. ನಮ್ಮ ಕಡೆ ಮಟ್ಟೆ ಇರುವ ಕಾಯನ್ನು ಯಾರೂ ದೇವರಿಗೆ ಕೊಡುವುದಿಲ್ಲ, ತಾಂಬೂಲಕ್ಕೆ ಇಡುವುದಿಲ್ಲ, ನೆಂಟರ ಕೈಗೆ ಹಾಕುವುದಿಲ್ಲ. ಬೇರೆ ಯಾವ ಸಭೆಯಾದರೂ ನಾನೇ ಸುಲಿಸಿ ತರುತ್ತಿದ್ದೆ. ಅವರು ಹರಿವಾಣ ನನ್ನ ಕೈಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಹೋಗಿ ಕೂತರು.

ಊಟದ ಮನೆಯ ಪಕ್ಕದ ಓಣಿಗೆ ಯಂತ್ರ ಒಯ್ದು ಒಂದು ಕಾಯಿ ಇಟ್ಟು ನೋಡಿದೆವು. ಹಸಿರು. ಎರಡನೆಯದು ಹಸಿರು. ಮೂರು, ನಾಲ್ಕು, ಎಲ್ಲ ಹಸಿರು. ಆರರಲ್ಲಿ ಎರಡು ಕೊಳೆತಿವೆ, ಎರಡು ಹಸಿಯಾಗಿವೆ ಎಂದು ನಮಗೆ ಗೊತ್ತಿತ್ತು. ಯಂತ್ರ ಇಡೀ ವರ್ಷ ಮಟ್ಟೆಯ ಒಳಗಿನಿಂದ ಬರುವ ಮೆತ್ತನೆ ಸದ್ದನ್ನೇ ಕೇಳಿ ಕಲಿತದ್ದು. ಈಗ ಸುತ್ತಿಗೆ ನೇರವಾಗಿ ಕರಟಕ್ಕೆ ಬಿದ್ದು ಠಣ್ ಅನ್ನುತ್ತಿತ್ತು. ಅಷ್ಟು ಗಟ್ಟಿ ಸದ್ದು ಕೇಳಿದರೆ ಎಲ್ಲವೂ ಒಣಗಿದೆ ಎಂದೇ ಅದರ ಲೆಕ್ಕ. ಜೊತೆಗಾರ ಎಕ್ಸ್‌ರೇ ಫಿಲ್ಮುಗಳನ್ನು ಒಂದೊಂದಾಗಿ ಕಿಟಕಿ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಕಾಯಿ ಹಿಡಿದು ಆಕಾರ ಹೋಲಿಸಲು ನೋಡಿದ. ಎಲ್ಲವೂ ಒಂದೇ ಥರ ದುಂಡಗಿದ್ದವು.

"ಅಕ್ಕ, ಒಂದ್ ಮಾತು ಹೇಳ್ತೀನಿ" ಅಂದ. "ಹಸಿರು ಬಂದ್ರೆ ಬರ್ಲಿ ಬುಡಿ. ಯಾವ್ದಾದ್ರೂ ಒಳ್ಳೆ ಎಕ್ಸ್‌ರೇ ತೋರ್ಸನ. ಒಡೆಯೋದ್ ಬ್ಯಾಡ. ಯಾರಿಗ್ ಗೊತ್ತಾಯ್ತದೆ?"

ನಾನು ಇಲ್ಲ ಅನ್ನಲಿಲ್ಲ. ಆ ಓಣಿಯಲ್ಲಿ ನಿಂತು, ಸಾರಿನ ಒಗ್ಗರಣೆ ವಾಸನೆ ಕುಡಿಯುತ್ತಾ, ಅದನ್ನೇ ಮಾಡೋಣ ಎಂದು ಮನಸ್ಸಿನಲ್ಲಿ ಒಪ್ಪಿಯೂ ಬಿಟ್ಟಿದ್ದೆ. ಬಾಯಲ್ಲಿ ಮಾತ್ರ, "ನೀನು ಬೈಕ್ ತಗೊಂಡು ಬಿಳಿಗೆರೆಗೆ ಹೋಗು, ಅಧ್ಯಕ್ಷರ ಅಟ್ಟದಿಂದ ಮಟ್ಟೆ ಇರೋ ಮೂಗಕಾಯಿ ಒಂದು ಚೀಲ ತಾ. ನಮ್ಮ ಸರದಿ ಊಟ ಆದ ಮೇಲೆ ತಾನೇ" ಅಂದೆ. ಅವನು ಓಡಿದ. ಅವನ ಬೈಕಿನ ಸದ್ದು ದೂರವಾಗಿ ಸ್ವಲ್ಪ ಹೊತ್ತಿಗೆ ಸಂಘಟಕರಲ್ಲೊಬ್ಬ ಹುಡುಕಿಕೊಂಡು ಬಂದ. ನಮಗಿಂತ ಮೊದಲಿನ ಎರಡು ತಂಡಗಳು ಇನ್ನೂ ದಾರಿಯಲ್ಲಿದ್ದವಂತೆ. "ಮೇಡಂ, ಈಗ ನೀವೇ" ಅಂದ.

ಬೇಡಿಕೊಂಡೆ. ಊಟದ ನಂತರ ಕೊಡಿ ಎಂದೆ, ಕೊನೆಗೆ ಕೊಡಿ ಎಂದೆ, ನನಗೆ ಮೈ ಸರಿಯಿಲ್ಲ ಎಂದೂ ಹೇಳಿದೆ. ಆಗ ಅದು ಸುಳ್ಳೇನೂ ಆಗಿರಲಿಲ್ಲ. ಅವನು ಪಾಪ, ಕೈ ಜೋಡಿಸಿ, ತೀರ್ಪುಗಾರರು ಕಾಯುತ್ತಿದ್ದಾರೆ, ಇಲ್ಲದಿದ್ದರೆ ನಿಮ್ಮ ಹೆಸರು ಹೊಡೆದು ಹಾಕುತ್ತಾರೆ ಅಂದ. ಹರಿವಾಣ ಹಿಡಿದು ಹೊರಟೆ. ಯಂತ್ರವನ್ನೂ ಮಚ್ಚನ್ನೂ ಅವನೇ ತಂದ.

ವೇದಿಕೆಯ ಮೆಟ್ಟಿಲು ಹತ್ತುವಾಗಲೂ ಸುಳ್ಳು ಹಸಿರು ತೋರಿಸುವುದೇ ಅಂದುಕೊಂಡಿದ್ದೆ. ಮೇಲೆ ಹೋಗಿ ಸಭೆಯ ಕಡೆ ತಿರುಗಿದಾಗ ಹಿಂದಿನ ಸಾಲುಗಳಲ್ಲಿ ಕೂತವರು ಕಂಡರು. ದಬ್ಬೇಘಟ್ಟದ ಒಬ್ಬಾಕೆ ಇದ್ದರು, ನಾನು ಅಟ್ಟ ಹತ್ತಿದಾಗಲೆಲ್ಲ ಕೆಳಗೆ ಏಣಿ ಹಿಡಿದುಕೊಳ್ಳುತ್ತಿದ್ದವರು. ಕೆಂಕೆರೆಯವರಿದ್ದರು. ಇವರು ಈ ಹಸಿರನ್ನು ನಂಬುತ್ತಾರೆ. ನಂಬಿ ನಾಳೆ ಅಟ್ಟ ಇಳಿಸುತ್ತಾರೆ. ಆ ಯೋಚನೆ ಬಂದ ಮೇಲೆ ಸ್ವಿಚ್ಚಿನ ಮೇಲೆ ಇಟ್ಟ ಬೆರಳು ಒತ್ತಲು ಒಪ್ಪಲಿಲ್ಲ. ಯಂತ್ರಕ್ಕೆ ಬಟ್ಟೆ ಮುಚ್ಚಿದೆ. ಕೋಣೆ ಹೋಯಿತು ಎಂದು ಆಗಲೇ ಗೊತ್ತಾಗಿ ಹೋಯಿತು.

ಬಾಯಿಪಾಠದ ಮೊದಲ ನಿಮಿಷ ತನ್ನಷ್ಟಕ್ಕೆ ನಡೆಯಿತು. ಅಟ್ಟ, ನೀರಿನ ಸದ್ದು, ಗಟಗಟ ಸದ್ದು, ನಡುವಿನ ಮೌನ. ಅದು ಮುಗಿದ ಮೇಲೆ ಮುಂದಿನ ಚಿತ್ರ ಎಕ್ಸ್‌ರೇಯದು, ಅದು ಬೇಕಿರಲಿಲ್ಲ. ಏನೂ ತೋಚದೆ ಹರಿವಾಣ ಎತ್ತಿಕೊಂಡು ಕೆಳಗಿಳಿದು, ತೀರ್ಪುಗಾರರ ಕೈಗೆ ಒಂದೊಂದು ಕಾಯಿ ಕೊಟ್ಟೆ. "ಅಲ್ಲಾಡಿಸಿ ನೋಡಿ. ಇದರಲ್ಲಿ ಕೆಲವು ಕೊಬ್ಬರಿ ಆಗಿವೆ, ಕೆಲವು ಹಸಿ, ಕೆಲವು ಕೊಳೆತಿವೆ. ನಿಮ್ಮ ಕೈಲಿರೋದು ಯಾವುದು ಹೇಳಿ" ಅಂದೆ. ಅವರು ಕಿವಿಗೆ ಹಿಡಿದು ಅಲ್ಲಾಡಿಸಿದರು. ನಾನು ಮಿಕ್ಕ ಕಾಯಿಗಳ ಹರಿವಾಣ ಹಿಡಿದು ಅವರ ಮುಂದೆ ನಿಂತೆ. ಕತ್ತಿನಲ್ಲಿ ಗುರುತುಪಟ್ಟಿ ಹಾಕಿಕೊಂಡಿದ್ದ ಒಬ್ಬ ತೀರ್ಪುಗಾರ್ತಿ ತಮ್ಮ ಕಾಯನ್ನು ಮತ್ತೆ ಮತ್ತೆ ಅಲ್ಲಾಡಿಸಿ, "ಗೊತ್ತಾಗ್ತಿಲ್ಲ" ಅಂದರು.

ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಎದ್ದು ಬಂದು, "ಕೊಡಿ ಇಲ್ಲಿ ತಾಯಿ" ಎಂದು ಆ ಕಾಯಿ ತೆಗೆದುಕೊಂಡರು. ಬೆರಳ ಗೆಣ್ಣಿನಿಂದ ತಟ್ಟಿದರು, ಕಿವಿಗೆ ಹಿಡಿದರು, ಅಂಗೈಯಲ್ಲಿ ತೂಗಿ ನೋಡಿದರು. "ಇದು ಕೊಬ್ಬರಿ ಆಗದೆ. ನಮ್ಮಟ್ಟದ್ ಕಾಯಿ, ನಂಗೊತ್ತಿಲ್ವಾ?" ಎಂದು ಮಚ್ಚು ತೆಗೆದುಕೊಂಡು ವೇದಿಕೆಯ ಮೆಟ್ಟಿಲಿನ ಮೇಲೆ ಒಂದೇ ಏಟಿಗೆ ಒಡೆದರು. ಒಳಗೆ ತಿರುಳು ಬೆಳ್ಳಗೆ, ಒದ್ದೆಯಾಗಿ ಕರಟಕ್ಕೆ ಅಂಟಿಕೊಂಡಿತ್ತು. ಇನ್ನು ಎರಡು ತಿಂಗಳು ಬಿಟ್ಟಿದ್ದರೆ ಒಳ್ಳೆಯ ಉಂಡೆ ಆಗುತ್ತಿದ್ದ ಕಾಯಿ.

"ಇನ್ನೊಂದ್ ಕೊಡಿ" ಅಂದರು. ಈ ಸಲ ತುಂಬಾ ಹೊತ್ತು ತಟ್ಟಿದರು. ಒಡೆದಾಗ ಕೊಳೆತ ವಾಸನೆ ಮುಂದಿನ ಎರಡು ಸಾಲಿಗೂ ಹರಡಿತು, ಶಾಲು ಹೊದ್ದಿದ್ದವರು ಮೂಗಿಗೆ ಶಾಲಿನ ಅಂಚು ಹಿಡಿದರು. ಮೂರನೆಯದನ್ನು ಕೈಗೆ ತೆಗೆದುಕೊಂಡರು, ಒಂದು ಸಲ ಅಲ್ಲಾಡಿಸಿದರು, ಒಡೆಯದೆ ಹರಿವಾಣಕ್ಕೆ ವಾಪಸು ಇಟ್ಟು ಹೋಗಿ ಕೂತರು. ಅವರ ಪಂಚೆಯ ಮೇಲೆ ಅರಿಶಿನದ ಕಲೆ ಆಗಿತ್ತು. ಅವರ ಮುಖ ನೋಡಲು ನನಗೆ ಆಗಲಿಲ್ಲ.

"ನಮ್ಮ ಯಂತ್ರ ಇದನ್ನ ಹೇಳೋಕೆ ಇರೋದು" ಅಂದೆ. "ಆದರೆ ಅದು ಮಟ್ಟೆ ಇರೋ ಕಾಯಿ ಮಾತ್ರ ಕೇಳೋದು ಕಲಿತಿದೆ. ಇವತ್ತು ಸುಲಿದ ಕಾಯಿ ಬಂದಿವೆ. ಈಗ ಹಾಕಿದರೆ ಅದು ಸುಳ್ಳು ಹೇಳುತ್ತೆ. ಅದಕ್ಕೇ ಹಾಕಲಿಲ್ಲ." ಗಂಟೆ ಬಾರಿಸಿದರು. ಯಂತ್ರ ತುಮಕೂರಿನಲ್ಲಿದ್ದ ಹಾಗೆಯೇ ಬಟ್ಟೆ ಹೊದ್ದುಕೊಂಡು ಕೂತಿತ್ತು.

ತೀರ್ಪುಗಾರರು ಪ್ರಶ್ನೆ ಕೇಳಿದರು, ನಾನು ಉತ್ತರ ಕೊಟ್ಟೆ. ಎಷ್ಟು ಸಲ ಸರಿ ಹೇಳುತ್ತದೆ ಎಂದದ್ದಕ್ಕೆ ಕೋಣೆಯ ಲೆಕ್ಕ ಹೇಳಿದೆ, ಅದು ಇಲ್ಲಿ ಕಾಣುತ್ತಿಲ್ಲವಲ್ಲ ಎಂದರು, ಇಲ್ಲ ಎಂದೆ. ಕೊನೆಗೆ ಆ ತೀರ್ಪುಗಾರ್ತಿ, "ಸಮಸ್ಯೆ ಇಷ್ಟು ಚೆನ್ನಾಗಿ ಯಾರೂ ಅರ್ಥ ಮಾಡಿಸಿರಲಿಲ್ಲ. ಆದರೆ ಪರಿಹಾರ ನಾವು ನೋಡಲಿಲ್ಲ" ಅಂದರು. ಅವರ ದನಿಯಲ್ಲಿ ಮರುಕ ಇತ್ತು. ತುಮಕೂರಿನಲ್ಲಿ ತೋರಿಸಬಹುದಾದ ಯಂತ್ರ ಇತ್ತು, ಸಮಸ್ಯೆ ಹೇಳಲಿಲ್ಲ. ಇಲ್ಲಿ ಸಮಸ್ಯೆ ಹೇಳಿದೆ, ಯಂತ್ರ ತೋರಿಸಲಾಗಲಿಲ್ಲ. ಎರಡನ್ನೂ ಒಂದೇ ದಿನ ಒಂದೇ ವೇದಿಕೆಗೆ ತರುವ ಯೋಗ್ಯತೆ ನನಗಿಲ್ಲ ಎಂದು ಅನ್ನಿಸಿ, ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಜೊತೆಗಾರ ಬಂದಾಗ ಜನ ಊಟಕ್ಕೆ ಕೂತಿದ್ದರು. ಬೈಕಿನ ಹಿಂದೆ ಮಟ್ಟೆ ಕಾಯಿಯ ಚೀಲ, ತಲೆ ತುಂಬಾ ಅಟ್ಟದ ಧೂಳು. ನನ್ನ ಮುಖ ನೋಡಿ ಚೀಲ ಇಳಿಸದೆ ಹಾಗೇ ಬಿಟ್ಟ. ಸಂಜೆ ಆಯ್ಕೆಯಾದವರ ಹೆಸರು ಓದಿದರು. ಔಷಧಿ ಸಿಂಪಡಿಸುವ ಡ್ರೋನಿನವರು ಗೆದ್ದರು. ಅವರ ಡ್ರೋನು ಸಭೆಯಲ್ಲೇ ಒಂದು ಸುತ್ತು ಹಾರಿತ್ತು. ಅಧ್ಯಕ್ಷರು ಊಟ ಮಾಡದೆ ಯಾವಾಗಲೋ ಹೊರಟು ಹೋಗಿದ್ದರು. ಚೀಲವನ್ನು ಗೋದಾಮಿನ ಬಾಗಿಲ ಬಳಿ ಇಳಿಸಿ ಮನೆಗೆ ಹೋದೆವು, ಅದನ್ನು ಬಿಚ್ಚಿ ನೋಡುವ ಮನಸ್ಸೂ ಆಗಲಿಲ್ಲ.

ಸೋಮವಾರ ಬೆಳಗ್ಗೆ ಕೋಣೆ ಖಾಲಿ ಮಾಡಲು ಹೋದೆವು. ನಾನು ಗೋಡೆಯ ಗೋಣಿಚೀಲಗಳ ಮೊಳೆ ಕೀಳುತ್ತಿದ್ದೆ, ಅವನು ವೈರು ಸುತ್ತುತ್ತಿದ್ದ. ಅಭ್ಯಾಸದ ತಟ್ಟೆ, ಚಮಚ ಕಿಟಕಿಯಲ್ಲಿ ಇನ್ನೂ ಹಾಗೇ ಇದ್ದವು. ಅಧ್ಯಕ್ಷರು ಬಂದು ಎಂದಿನ ಹಾಗೆ ಬಾಗಿಲಲ್ಲಿ ನಿಂತರು. ನಾನು ಜೇಬಿನಿಂದ ಬೀಗದ ಕೈ ತೆಗೆದು ಅವರ ಕಡೆ ಚಾಚಿದೆ. ಅವರು ಅದನ್ನು ನೋಡಲಿಲ್ಲ. ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು, ಬೋರಲು ಹಾಕಿದ ಡಬ್ಬದ ಮೇಲೆ ಕೂತರು.

"ಆವತ್ತು ಆ ಎಲ್ಡ್ ಕಾಯಿ. ಮಟ್ಟೆ ಇದ್ದಿದ್ರೆ ನಿಮ್ ಯಂತ್ರ ಹೇಳ್ತಿತ್ತಾ?"

"ಹೇಳ್ತಿತ್ತು ಅಧ್ಯಕ್ಷರೇ. ಇಲ್ಲೇ ಎಷ್ಟೋ ಸಲ ಹೇಳಿತ್ತು."

ಅವರು ಮಂಡಿ ಮೇಲೆ ಕೈಯಿಟ್ಟುಕೊಂಡರು. "ಒಂದ್ ವರ್ಷದಿಂದ ದಿನಾ ಈ ಬಾಗ್ಲಲ್ಲಿ ನಿಂತಿವ್ನಿ ಕಣಮ್ಮ. ಏನೋ ಹೇಳ್ತಾವ್ರೆ, ಕೇಳನ ಅಂತ. ನಾನ್ ಬಂದೇಟ್ಗೆ ಬಾಯಿ ಮುಚ್ಕೊಂತಿದ್ರಿ. ಚೀಲಕ್ ಮಾತಾಡ್ತಿದ್ರಿ, ನಂಗ್ ಮಾತಾಡ್ಲಿಲ್ಲ. ಮಟ್ಟೆ ಬೇಕು ಅಂತ ಒಂದ್ ಮಾತು ಅಂದಿದ್ರೆ ನಾನ್ಯಾಕ್ ಸುಲಿಸ್ತಿದ್ದೆ?"

ಜೊತೆಗಾರ ಸುತ್ತುತ್ತಿದ್ದ ವೈರು ಕೆಳಗಿಟ್ಟ. ತುಮಕೂರಿಗೆ ಹೋಗಿದ್ದೆ, ಹಾಸನಕ್ಕೆ ಹೋಗಿದ್ದೆ, ಬೆಂಗಳೂರಿನವರಿಗೆಂದು ಒಂದೊಂದು ಚಿತ್ರವನ್ನೂ ತೂಗಿ ನೋಡಿದ್ದೆ. ಯಾರ ಅಟ್ಟದ 'ಕಾಯಪ್ಪ'ನಿಗೆ ಎಕ್ಸ್‌ರೇ ತೆಗೆಸಿದೆನೋ ಆ ಅಟ್ಟದ ಯಜಮಾನರಿಗೆ ಈ ಯಂತ್ರ ಏನು ಮಾಡುತ್ತದೆ ಎಂದು ಇವತ್ತಿನವರೆಗೆ ಒಂದು ಸಲವೂ ಹೇಳಿರಲಿಲ್ಲ. ಬೀಗದ ಕೈ ಚಾಚಿದ ಅಂಗೈಯಲ್ಲೇ ಇತ್ತು.

ಅವರು ಎದ್ದರು. "ಶನಿವಾರ ಮಾರ್ಕೆಟ್ ಮುಗಿಸ್ಕೊಂಡು ಮೆಂಬರ್‌ಗಳೆಲ್ಲಾ ಇಲ್ಲಿಗೇ ಬತ್ತಾರೆ, ಹೇಳ್ಕಳ್ಸಿವ್ನಿ. ಬೀಗದ್ ವಿಚಾರ ಅವ್ರೇ ತೀರ್ಮಾನ ಮಾಡ್ಲಿ. ಅವ್ರ್ ಮುಂದೆ ಮಾತಾಡಿ. ಬಾಗ್ಲಲ್ಲಿರೋ ಆ ಚೀಲಕ್ಕೆ ಯಾರೂ ಕೈ ಹಾಕ್‌ಬ್ಯಾಡಿ ಅಂತ ಆಳಿಗೂ ಹೇಳಿವ್ನಿ, ಮಟ್ಟೆ ಹಂಗೇ ಅದೆ."

ಹಳೆಯ ಅಭ್ಯಾಸದಿಂದ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ಎಷ್ಟು ನಿಮಿಷ ಮಾತಾಡಬೇಕು?" ಅಂದೆ.

ಹೊಸ್ತಿಲ ಮೇಲೆ ನಿಂತು ಅವರು ನನ್ನನ್ನು ನೋಡಿದರು. "ನಮಗ್ ತಿಳಿಯೋ ಗಂಟ" ಅಂದರು.

ಮೂರು ಸಮಾವೇಶದ ಗಂಟೆಗೂ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು.